ಕಿಟಕಿಯ ದಿಕ್ಕು, ಪರದೆಯ ಅರಿವೆ

ಗೃಹಪ್ರವೇಶದ ಮುಹೂರ್ತಗಳು ಒಂದರ ಹಿಂದೊಂದು ಒದಗಿಬರುವ ವೈಶಾಖವು ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೊಸ ಮನೆಯ ಕಿಟಕಿಗಳಿಗೆ ಎಂತಹ ಪರದೆಯನ್ನು ಹಾಕಿಸಬೇಕು, ಯಾವ ಬಟ್ಟೆಯನ್ನು ಕೊಳ್ಳಬೇಕು, ಹೊಲಿಸುವುದು ಒಳ್ಳೆಯದೋ ಸಿದ್ಧವಾಗಿ ದೊರೆಯುವುದನ್ನು ತರುವುದು ಒಳ್ಳೆಯದೋ ಎಂದು ಕುಂಸಿಯವರೂ ಕೇಳುತ್ತಾರೆ, ಆಯನೂರಿನವರೂ ಕೇಳುತ್ತಾರೆ, ಶಿವಮೊಗ್ಗ ಭದ್ರಾವತಿಗಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರೂ ಕೇಳುತ್ತಾರೆ. ಲಕ್ಷಗಟ್ಟಲೆ ವ್ಯಯಿಸಿ ಕಟ್ಟಿಸಿದ ಮನೆಯ ವಿಷಯದಲ್ಲಿ ಇದು ಅಲ್ಪವಾದ ಪ್ರಶ್ನೆಯೆಂದು ನನಗೆ ಎಂದೂ ಅನ್ನಿಸಿಲ್ಲ. ಬೆಳಗ್ಗೆ ಕಣ್ಣು ತೆರೆದಾಗ ನಮ್ಮ ಮೇಲೆ ಬೀಳುವ ಬೆಳಕು, ಮಧ್ಯಾಹ್ನ ಮುದುಕರು ಅಡ್ಡಾಗುವ ಕೋಣೆಯ ಧಗೆ, ಮಳೆಗಾಲದಲ್ಲಿ ಮಕ್ಕಳು ಉಸಿರಾಡುವ ಗಾಳಿಯ ವಾಸನೆ, ಇವೆಲ್ಲವೂ ಈ ನಾಲ್ಕಾರು ಗಜ ಬಟ್ಟೆಯನ್ನು ಅವಲಂಬಿಸಿವೆ. ಆದರೆ ಪ್ರಶ್ನೆಗೆ ಉತ್ತರವನ್ನು ಅಂಗಡಿಯಲ್ಲಿ ಹುಡುಕುವುದಕ್ಕೆ ಮೊದಲು ಕಿಟಕಿಯ ಬಳಿಯಲ್ಲಿ ನಿಂತು ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಿಟಕಿ ಯಾವ ದಿಕ್ಕಿಗೆ ಮುಖ ಮಾಡಿದೆ, ಆಷಾಢದಲ್ಲಿ ಅದರ ಮುಂದೆ ಏನಾಗುತ್ತದೆ ಎಂಬ ಎರಡು ಸಂಗತಿಗಳನ್ನು ತಿಳಿದವರಿಗೆ ಬಟ್ಟೆಯ ಆಯ್ಕೆಯಲ್ಲಿ ಮುಕ್ಕಾಲು ಪಾಲು ತಾನಾಗಿಯೇ ನಿಶ್ಚಯವಾಗುತ್ತದೆ.

ನಮ್ಮ ಹಿರಿಯರ ಮನೆಗಳಿಗೆ ಪರದೆಯ ಆವಶ್ಯಕತೆ ಅಷ್ಟಾಗಿ ಇರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ತೊಟ್ಟಿಮನೆಯನ್ನು ಈಗಲೂ ಹೋಗಿ ನೋಡಬಹುದು. ನಡುವಣ ಅಂಗಳದಿಂದಲೇ ಬೆಳಕು ಒಳಗಿಳಿಯುವ ಅಂತಹ ಮನೆಗಳಲ್ಲಿ ಹೊರಗೋಡೆಯ ಕಿಟಕಿಯು ಹಿರಿದಾಗಿರಬೇಕಾದ ಕಾರಣವಿಲ್ಲ. ಹೆಂಚಿನ ಮಾಡು ಗೋಡೆಯನ್ನು ದಾಟಿ ಬಹುದೂರ ಚಾಚಿ ಇಳಿಜಾರಾಗಿ ಬಂದು ಬಿಸಿಲನ್ನೂ ಇರಚಲನ್ನೂ ಹೊರಗೇ ನಿಲ್ಲಿಸುತ್ತಿತ್ತು. ಅದು ಸಾಲದ ಕಡೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆಸೋಗೆಯ ತಟ್ಟಿ ಕಟ್ಟುತ್ತಿದ್ದರು. ಕಿಟಕಿಗಳಿಗೋ ಮರದ ಸರಳು, ಹಿಂದೆ ಮೇಲೆರಡು ಕೆಳಗೆರಡು ಹೀಗೆ ನಾಲ್ಕು ಪುಟ್ಟ ಕದಗಳು. ಬೀದಿಯ ಕಣ್ಣು ಬೇಡವೆಂದರೆ ಕೆಳಗಿನೆರಡನ್ನು ಮುಚ್ಚಿ ಮೇಲಿನೆರಡನ್ನು ತೆರೆದಿಟ್ಟರಾಯಿತು. ಮರೆಯೂ ಉಂಟು, ಗಾಳಿಯೂ ಉಂಟು. ಈ ಏರ್ಪಾಡನ್ನು ಕಲ್ಪಿಸಿದವರ ವಿವೇಕವನ್ನು ನಾನು ಪ್ರತಿಸಲ ನೋಡಿದಾಗಲೂ ಮೆಚ್ಚಿದ್ದೇನೆ. ಈಗ ಕಾಂಕ್ರೀಟಿನ ತಾರಸಿ ಬಂದಿದೆ, ಮಾಡಿನ ಸೂರು ಹೋಗಿ ಗೇಣು ಮೊಳದ ಸಜ್ಜಾ ಉಳಿದಿದೆ, ಗೋಡೆಯ ಅರ್ಧದಷ್ಟು ಅಗಲಕ್ಕೆ ಜಾರುಗಾಜಿನ ಕಿಟಕಿಯನ್ನು ಕೂರಿಸುತ್ತಿದ್ದೇವೆ. ಸೂರು, ತಟ್ಟಿ, ಮರದ ಕದ ಮೂರೂ ಸೇರಿ ಮಾಡುತ್ತಿದ್ದ ಕೆಲಸವನ್ನು ಒಂದು ತುಂಡು ಬಟ್ಟೆಯ ಮೇಲೆ ಹೊರಿಸಿರುವಾಗ ಆ ಬಟ್ಟೆಯನ್ನು ಬಣ್ಣಕ್ಕೆ ಮಾತ್ರ ಮನಸೋತು ಆರಿಸಿದರೆ ಸಾಲದು.

ದಿಕ್ಕಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸೀಮೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದಕಾರಣ ಸೂರ್ಯನು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ, ಮಧ್ಯಾಹ್ನ ನೇರ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ಎರಡರ ನಡುವಣ ತಿಂಗಳುಗಳಲ್ಲಿ ತುಸು ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣದ ಕಡೆ. ಉತ್ತರಕ್ಕೆ ಸರಿದ ಕಾಲದ ಬಹುಭಾಗವನ್ನು ಮೋಡವೇ ಮುಚ್ಚುವುದರಿಂದ ಬಡಗಣ ಕಿಟಕಿಗೆ ಬಿಸಿಲಿನ ಬಾಧೆ ಅಲ್ಪ; ಅಲ್ಲಿ ತೆಳುವಾದ ಒಂದೇ ಪದರ ಸಾಕು. ತೆಂಕಣ ಕಿಟಕಿಗೆ ಮಾರ್ಗಶಿರ ಪುಷ್ಯಗಳಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆಯಾದರೂ ಅದು ಚಳಿಯ ಬಿಸಿಲು, ಬರಲೆಂದು ಬಯಸತಕ್ಕದ್ದು. ಹೆಚ್ಚಾದದ್ದನ್ನು ಸಜ್ಜಾ ತಡೆಯುತ್ತದೆ. ಮೂಡಣ ಕಿಟಕಿಯ ಬಿಸಿಲು ಬೇಗ ಬಂದು ಬೇಗ ಹೋಗುತ್ತದೆ. ನಿಜವಾದ ಸಂಕಟವೆಲ್ಲ ಪಡುವಣ ಕಿಟಕಿಯದು. ಶಿವಮೊಗ್ಗದ ಹಗಲಿನ ಉಷ್ಣಾಂಶವು 36 ಡಿಗ್ರಿಯನ್ನು ಮುಟ್ಟುವ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ, ಗೋಡೆಗಳೆಲ್ಲ ದಿನವಿಡೀ ಕಾದು ಮುಗಿದ ಮೇಲೆ, ಮೂರೂವರೆಯಿಂದ ಆರರವರೆಗೆ ಬಿಸಿಲು ಸಜ್ಜಾದ ಕೆಳಗಿನಿಂದ ನುಸುಳಿ ಕೋಣೆಯ ಎದುರುಗೋಡೆಯವರೆಗೂ ಚಾಚುತ್ತದೆ. ಸೂರ್ಯನು ತಗ್ಗಿ ನಿಂತಿರುವಾಗ ತಲೆಯ ಮೇಲಿನ ಸಜ್ಜಾದಿಂದ ಏನು ಪ್ರಯೋಜನ? ಆ ಒಂದು ಕಿಟಕಿಗೆ ಮಾತ್ರ ದಪ್ಪವಾದ, ಅಸ್ತರು ಹಾಕಿಸಿದ ಪರದೆ ಬೇಕು.

ಅಸ್ತರನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಬಿಸಿಲು ಗಾಜನ್ನು ದಾಟಿ ಒಳಗೆ ಬಂದು ಪರದೆಯ ಮೇಲೆ ಬಿದ್ದಾಗ, ಬಟ್ಟೆ ಕಡುನೀಲಿಯೋ ಕಡುಗೆಂಪೋ ಆಗಿದ್ದರೆ ಆ ತಾಪವನ್ನೆಲ್ಲ ಹೀರಿಕೊಂಡು, ತಾನು ಕಾದು, ಆಮೇಲೆ ಅದನ್ನೇ ಕೋಣೆಗೆ ಬಿಟ್ಟುಕೊಡುತ್ತದೆ. ಗಾಜಿನ ಕಡೆಯ ಮೈ ಬೆಳ್ಳಗಿದ್ದರೆ ಬೆಳಕಿನ ಒಂದು ಪಾಲು ಗಾಜಿನ ಮೂಲಕವೇ ಹಿಂದಕ್ಕೆ ಹೋಗುತ್ತದೆ. ಆದುದರಿಂದ ಮುಂದಿನ ಬಣ್ಣ ನಿಮಗೆ ಇಷ್ಟಬಂದದ್ದಿರಲಿ, ಹಿಂದೆ ಬಿಳಿಯ ಹತ್ತಿಯ ಅಸ್ತರು ಇರಲೇಬೇಕು. ಬೆಳಕನ್ನು ಪೂರ್ತಿ ತಡೆಯುವ, ಹಿಂಬದಿಗೆ ಲೇಪವುಳ್ಳ ಬ್ಲ್ಯಾಕ್‌ಔಟ್ ಬಟ್ಟೆ ಈಗ ಎಲ್ಲೆಲ್ಲಿಯೂ ದೊರೆಯುತ್ತದೆ. ರಾತ್ರಿಪಾಳಿ ಮುಗಿಸಿ ಹಗಲಲ್ಲಿ ಮಲಗುವವರಿಗೆ ಅದು ನಿಜವಾದ ಉಪಕಾರಿ. ಉಳಿದವರ ಮನೆಗೆ ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ಅದು ಬೆಳಕಿನೊಡನೆ ಗಾಳಿಯನ್ನೂ ತಡೆಯುತ್ತದೆ, ಪದೇ ಪದೇ ಒಗೆದರೆ ಲೇಪ ಬಿರಿಯುತ್ತದೆ. ಇನ್ನೂ ಒಂದು ಮಾತನ್ನು ಪರದೆಯ ಲೇಖನದಲ್ಲಿಯೇ ಹೇಳಬೇಕಾಗಿದೆ. ಗಾಜಿನ ಒಳಗಡೆಯ ಯಾವ ಪರದೆಯೂ ಗಾಜಿನ ಹೊರಗಡೆಯ ಮರೆಗೆ ಸಮನಾಗಲಾರದು. ಪಡುವಣ ಕಿಟಕಿಯ ಹೊರಗೆ ಮೇದರು ಹೆಣೆದ ಬಿದಿರಿನ ತಟ್ಟಿಯನ್ನು ಸುರುಳಿ ಸುತ್ತುವಂತೆ ಇಳಿಬಿಟ್ಟರೆ ತಾಪವು ಮನೆಯೊಳಗೆ ಕಾಲಿಡುವುದಕ್ಕೆ ಮೊದಲೇ ನಿಲ್ಲುತ್ತದೆ. ಬಿಸಿಲುಗಾಲ ಕಳೆದ ಮೇಲೆ ಅದನ್ನು ಸುತ್ತಿ ಅಟ್ಟಕ್ಕೆ ಹಾಕಬಹುದು. ಅನುಕೂಲವಿದ್ದವರು ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಗಾಳಿಯನ್ನು ತಂಪುಮಾಡಿಕೊಳ್ಳುತ್ತಿದ್ದ ಪದ್ಧತಿಯೂ ಒಂದು ಕಾಲಕ್ಕೆ ಇತ್ತು. ನೀರು ಆರುವಾಗ ಗಾಳಿಯ ಶಾಖವನ್ನು ಕೊಂಡೊಯ್ಯುವುದರಿಂದ ಮಾರ್ಚಿಯ ಒಣಗಾಳಿಯಲ್ಲಿ ಅದು ಚೆನ್ನಾಗಿ ಫಲಿಸುತ್ತದೆ. ಜೂನಿನ ತೇವದಲ್ಲಿ ಸ್ವಲ್ಪವೂ ಫಲಿಸುವುದಿಲ್ಲ.

ಜೂನಿನ ಮಾತು ಬಂತು. ನಮ್ಮ ಕುಂಸಿಯು ಮಲೆನಾಡಿನ ಹೊಸ್ತಿಲು; ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಬಂದವರಿಗೆ ಬಯಲು ಮುಗಿದು ಕಾಡು ಮೊದಲಾಗುವ ಎಡೆ. ಆಗುಂಬೆಯ ಮಳೆ ಇಲ್ಲಿಗೆ ಬಾರದಿದ್ದರೂ ಆಷಾಢ ಶ್ರಾವಣಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣದ ಕಾಲ ಉಂಟು. ಆ ಕಾಲವೇ ನಮ್ಮ ಪರದೆಗಳ ಪರೀಕ್ಷೆ. ದೊಡ್ಡ ಪಟ್ಟಣದ ಪತ್ರಿಕೆಗಳಲ್ಲಿ ಚಿತ್ರಗಳನ್ನು ನೋಡಿ ವೆಲ್ವೆಟ್ಟಿನ ದಪ್ಪ ಪರದೆಯನ್ನು ನೆಲಕ್ಕೆ ತಾಗುವಂತೆ ಹಾಕಿಸಿದವರ ಮನೆಗೆ ಶ್ರಾವಣದಲ್ಲಿ ಹೋದರೆ ಮುಗ್ಗಲು ವಾಸನೆಯು ಬಾಗಿಲಲ್ಲಿಯೇ ಎದುರುಗೊಳ್ಳುತ್ತದೆ. ಪರದೆಯನ್ನು ತಿರುವಿ ನೋಡಿದರೆ ಗೋಡೆಯ ಕಡೆಯ ಮಡಿಕೆಗಳಲ್ಲಿ ಬೂಷ್ಟಿನ ಕರಿಚುಕ್ಕೆಗಳು. ಇದರ ಕಾರಣ ನಾರಿನ ಸ್ವಭಾವದಲ್ಲಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ಇರುವಾಗ ಒಂದು ಕಿಲೋಗ್ರಾಂ ಒಣ ಹತ್ತಿಯು ಸುಮಾರು 85 ಗ್ರಾಂ ನೀರನ್ನು ತನ್ನೊಳಗೆ ಹೀರಿಟ್ಟುಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಹೀರುವುದು ಸುಮಾರು 4 ಗ್ರಾಂ ಮಾತ್ರ. ಮಳೆಗಾಲದ ಗಾಳಿಯಲ್ಲಿ ಹತ್ತಿಯ ಪಾಲು ಇನ್ನೂ ಹೆಚ್ಚುತ್ತದೆ. ನಾರಗಸೆಯ ಲಿನನ್ ಬಟ್ಟೆಯಂತೂ ಹತ್ತಿಗಿಂತ ಹೆಚ್ಚು ಹೀರುತ್ತದೆ. ಬೇಸಗೆಯಲ್ಲಿ ಹತ್ತಿಯನ್ನು ಹಿತಕರವಾಗಿಸುವ ಗುಣವೇ ಆಷಾಢದಲ್ಲಿ ಅದಕ್ಕೆ ದೋಷವಾಗಿ ಪರಿಣಮಿಸುತ್ತದೆ.

ಹಾಗಾದರೆ ಹತ್ತಿಯನ್ನು ಬಿಟ್ಟು ಪಾಲಿಯೆಸ್ಟರನ್ನೇ ಹಿಡಿಯೋಣವೆ ಎಂದು ಕೇಳುವವರಿದ್ದಾರೆ. ಪಾಲಿಯೆಸ್ಟರ್ ಸುಕ್ಕಾಗದು, ಬೇಗ ಆರುತ್ತದೆ, ಬಿಸಿಲಿಗೆ ಬಣ್ಣವನ್ನು ಬೇಗನೆ ಬಿಡದು. ಈ ಸದ್ಗುಣಗಳನ್ನು ಅಲ್ಲಗಳೆಯುವುದು ಅನ್ಯಾಯ. ಆದರೂ ವರ್ಷದ ಎಂಟು ತಿಂಗಳು ಸೆಕೆಯೂ ಹಿತವಾದ ಗಾಳಿಯೂ ಇರುವ ಊರಿನಲ್ಲಿ ಗಾಳಿಯನ್ನು ಮೃದುವಾಗಿ ಸೋಸಿ ಒಳಬಿಡುವ ಹತ್ತಿಯನ್ನು ಪೂರ್ತಿ ತೊರೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ನಾವು ಅನುಸರಿಸುವ ಕ್ರಮ ಸರಳವಾದದ್ದು, ಅದನ್ನೇ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಎರಡು ಜೊತೆ ಇರಲಿ. ದೀಪಾವಳಿಯಿಂದ ಮಳೆ ಹಿಡಿಯುವವರೆಗೆ ಹತ್ತಿಯದು. ಮೃಗಶಿರೆಯ ಮಳೆ ಬಿಡದೆ ಸುರಿಯಲಾರಂಭಿಸಿದ ಮೇಲೆ, ಹತ್ತಿ ಪಾಲಿಯೆಸ್ಟರ್ ಬೆರೆತ ತೆಳುವಾದ, ಒಳಗಡೆಯ ಹಗ್ಗದ ಮೇಲೆಯೇ ಒಂದು ರಾತ್ರಿಯಲ್ಲಿ ಆರುವ ಬಟ್ಟೆ. ಮಳೆಗಾಲದ ಪರದೆಗೆ ಬೆಲೆಬಾಳುವ ಬಟ್ಟೆ ಬೇಡ, ಅಸ್ತರೂ ಬೇಡ. ಆಗ ಬೇಕಾದದ್ದು ಮರೆ ಮಾತ್ರ, ನೆರಳಲ್ಲ. ಬಿಚ್ಚಿದ ಹತ್ತಿಯ ಪರದೆಗಳನ್ನು ಕೊನೆಯ ಗಟ್ಟಿ ಬಿಸಿಲಿನಲ್ಲಿ ಒಗೆದು ಗರಿಗರಿಯಾಗಿ ಒಣಗಿಸಿ ಎತ್ತಿಡಬೇಕು. ಎತ್ತಿಡುವ ಬಟ್ಟೆಗೆ ಗಂಜಿ ಹಾಕಬಾರದು. ಗಂಜಿಯು ಬೂಷ್ಟಿಗೂ ಹುಳುವಿಗೂ ಆಹಾರ. ತೇವ ಆರದ ಪರದೆಯನ್ನು ಪೆಟ್ಟಿಗೆಗೆ ಸೇರಿಸುವುದಕ್ಕಿಂತ ಕಿಟಕಿಯಲ್ಲಿಯೇ ಬಿಡುವುದು ಮೇಲು.

ಇನ್ನು ಯಾವ ಹತ್ತಿ ಎಂಬ ಪ್ರಶ್ನೆ. ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದದ್ದು ಖಾದಿ. ಗಿರಣಿಯ ನೂಲನ್ನು ಕೈಮಗ್ಗದಲ್ಲಿ ನೇಯ್ದದ್ದು ಕೈಮಗ್ಗದ ಬಟ್ಟೆ. ಪರದೆಗೆ ನಾನು ಎರಡನೆಯದನ್ನು ಆರಿಸುತ್ತೇನೆ. ನೂಲು ಸಮನಾಗಿರುವುದರಿಂದ ಉದ್ದಕ್ಕೆ ತೂಗಿದಾಗ ಬಟ್ಟೆ ಸೊಟ್ಟಗೆ ಇಳಿಯುವುದು ಕಡಿಮೆ. ಮನೆಯ ಅಲಂಕರಣದ ಬಟ್ಟೆಗಳಿಗೆ ತಮಿಳುನಾಡಿನ ಕರೂರು, ಕೇರಳದ ಕಣ್ಣೂರು ಹೆಸರಾದುವು. ಹೆಂಚನ್ನು ಮಂಗಳೂರಿನಲ್ಲಿ ತಯಾರಿಸಿ ನಮ್ಮ ಮಾಡುಗಳ ಮೇಲಿಟ್ಟ ಬಾಸೆಲ್ ಮಿಶನ್ನಿನವರೇ 19ನೆಯ ಶತಮಾನದ ಮಧ್ಯದಲ್ಲಿ ಕಣ್ಣೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ತೆರೆದದ್ದು, ನಮ್ಮ ಮಾಡಿಗೂ ಕಿಟಕಿಗೂ ಹೀಗೆ ಒಂದು ಹಳೆಯ ನಂಟಿದೆ. ಆದರೆ ಅಷ್ಟು ದೂರ ಹೋಗಬೇಕಾದ ಪ್ರಮೇಯವೂ ಇಲ್ಲ. ಶಿವಮೊಗ್ಗದಿಂದ ಬರುವ ಇದೇ ದಾರಿಯಲ್ಲಿ ಸಾಗರವನ್ನು ದಾಟಿದರೆ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ 1990ರ ದಶಕದಲ್ಲಿ ಮೊದಲಾದ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘವಿದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ನೇಯುತ್ತಾರೆ, ಸಸ್ಯಜನ್ಯವಾದ ಬಣ್ಣಗಳನ್ನು ಕಟ್ಟುತ್ತಾರೆ, ಹೊಲಿಯುತ್ತಾರೆ. ಅವರು ಬಳಸುವ ಬಣ್ಣಗಳಲ್ಲಿ ನಮ್ಮವರ ಕಣ್ಣಿಗೆ ಬಹಳ ಪರಿಚಿತವಾದದ್ದು ಚೊಗರು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಒಗರಾದ ಕೆಂಪುನೀರೇ ಚೊಗರು. ಅಡಿಕೆಗೆ ಕೆಂಪನ್ನು ಕೊಡುವ ಆ ರಸವೇ ನೂಲಿಗೂ ಹಿಡಿದು ಕಂದುಗೆಂಪಾಗಿ ನಿಲ್ಲುತ್ತದೆ.

ಈ ಚೊಗರಿನ ಬಣ್ಣವನ್ನು ನಾನು ಸ್ಥಳಾಭಿಮಾನಕ್ಕಾಗಿ ಮಾತ್ರ ಹೊಗಳುತ್ತಿಲ್ಲ. ಕುಂಸಿಯ ನೆಲ ಮ್ಯಾಂಗನೀಸ್ ಅದಿರಿನ ಗಣಿಗಳಿಗೆ ಹೆಸರಾದ ಕೆಂಪು ಕರಿ ಬೆರೆತ ನೆಲ. ಊರ ಮೈಗೆ ತಾಗಿಯೇ ಹೊನ್ನಾವರದ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳೂ ಓಡಾಡುತ್ತವೆ. ಶಿವರಾತ್ರಿ ಕಳೆದ ಮೇಲೆ ರಸ್ತೆಯ ಬದಿಯ ಮನೆಗಳ ಬಿಳಿಯ ಪರದೆ ಹದಿನೈದು ದಿನದಲ್ಲಿ ಮಾಸಲಾಗುತ್ತದೆ. ಮಣ್ಣಿನ ಬಣ್ಣವನ್ನೇ ಉಟ್ಟ ಬಟ್ಟೆಗೆ ಧೂಳು ಕೂತರೂ ಕಣ್ಣಿಗೆ ಹೊಡೆಯುವುದಿಲ್ಲ, ಒಗೆತಗಳ ನಡುವಣ ಅವಧಿ ಹಿಗ್ಗುತ್ತದೆ, ಬಟ್ಟೆಯ ಆಯುಸ್ಸು ಬೆಳೆಯುತ್ತದೆ. ಆದರೆ ಸಸ್ಯದ ಬಣ್ಣಗಳೆಲ್ಲ ಬಿಸಿಲಿಗೆ ಸಮನಾಗಿ ನಿಲ್ಲುವಂಥವಲ್ಲ ಎಂಬುದನ್ನೂ ಕೊಳ್ಳುವವರು ಅರಿತಿರಬೇಕು. ಅರಿಸಿನದ ಹಳದಿ ಬಿಸಿಲಿಗೆ ಬಹುಬೇಗ ಬಿಳಿಚಿಕೊಳ್ಳುತ್ತದೆ, ನೀಲಿಯೂ ಚೊಗರೂ ಅದಕ್ಕಿಂತ ಬಹುಕಾಲ ತಾಳುತ್ತವೆ. ಸಸ್ಯದ ಬಣ್ಣದ ಬಟ್ಟೆಯನ್ನು ಬಡಗಣ ಕಿಟಕಿಗೋ ನಡುಮನೆಯ ಬಾಗಿಲಿಗೋ ತೂಗಿಸಿರಿ. ಪಡುವಣಕ್ಕೆ ಹಾಕಲೇಬೇಕೆಂದರೆ ಬಿಳಿಯ ಅಸ್ತರಿನ ರಕ್ಷೆ ಕೊಡಿರಿ. ರೇಷ್ಮೆಯನ್ನಂತೂ ನೇರ ಬಿಸಿಲು ಬೀಳುವ ಯಾವ ಕಿಟಕಿಗೂ ಒಡ್ಡಬಾರದು, ಅದರ ನಾರೇ ಬಿಸಿಲಿಗೆ ಸವೆದು ಸೀಳುತ್ತದೆ. ಅಡುಗೆಮನೆಯಲ್ಲಿ ಒಲೆಯ ಹತ್ತಿರದ ಕಿಟಕಿಗೆ ಯಾವ ಬಟ್ಟೆಯೂ ಬೇಡ.

ಮಾದರಿಯ ವಿಷಯಕ್ಕೆ ಬರೋಣ. ಬೀದಿಗೆ ಮುಖಮಾಡಿದ ಕಿಟಕಿಗೆ ಅರ್ಧಪರದೆಯನ್ನು ಮಿಕ್ಕ ಎಲ್ಲ ಮಾದರಿಗಳಿಗಿಂತ ಮೇಲೆಂದು ನಾನು ಭಾವಿಸುತ್ತೇನೆ. ಕಿಟಕಿಯ ನಡುಮಟ್ಟಕ್ಕೆ ಒಂದು ಸ್ಪ್ರಿಂಗ್ ಕಂಬಿಯನ್ನು ಎಳೆದು ಕಟ್ಟಿ ಕೆಳಗಿನ ಅರ್ಧವನ್ನು ಮಾತ್ರ ಮುಚ್ಚುವ ಈ ಕ್ರಮವನ್ನು ಭದ್ರಾವತಿಯ ಕಾರ್ಖಾನೆಯ ಹಳೆಯ ವಸತಿಗೃಹಗಳಲ್ಲಿಯೂ ರೈಲ್ವೆಯವರ ಮನೆಗಳಲ್ಲಿಯೂ ಕಂಡವರಿಗೆ ಅದು ಬಡತನದ ಗುರುತಾಗಿ ತೋರಬಹುದು. ವಾಸ್ತವವಾಗಿ ಅದು ನಮ್ಮ ನಾಲ್ಕು ಕದದ ಕಿಟಕಿಯ ತತ್ತ್ವವನ್ನೇ ಬಟ್ಟೆಯಲ್ಲಿ ಸಾಧಿಸಿದ ಉಪಾಯ. ಕೂತವರಿಗೆ ಮರೆಯಾಗುತ್ತದೆ, ಮೇಲಿನರ್ಧದಿಂದ ಆಕಾಶದ ಬೆಳಕೂ ಸೆಕೆಯನ್ನು ಹೊರಗೊಯ್ಯುವ ಗಾಳಿಯೂ ನಿರಾತಂಕವಾಗಿ ಸಂಚರಿಸುತ್ತವೆ, ಬಟ್ಟೆ ಅರ್ಧ ಸಾಕು, ಒಗೆಯುವುದು ಹಗುರ. ಜಾಲರಿಯಂತಹ ತೆಳುಪರದೆಯನ್ನು ನಂಬಿದವರು ಒಂದನ್ನು ತಿಳಿದಿರಬೇಕು: ಹಗಲು ಹೊರಗೆ ಬೆಳಕು ಹೆಚ್ಚಾಗಿರುವುದರಿಂದ ಒಳಗಿನವರು ಕಾಣುವುದಿಲ್ಲ; ರಾತ್ರಿ ಒಳಗೆ ದೀಪ ಹಚ್ಚಿದೊಡನೆ ಅದೇ ಬಟ್ಟೆಯ ಮೂಲಕ ಒಳಗಿನದೆಲ್ಲ ಬೀದಿಗೆ ಕಾಣುತ್ತದೆ. ಆದುದರಿಂದ ಮಲಗುವ ಕೋಣೆಗೆ ತೆಳುಪರದೆಯೊಂದಿಗೆ ಎಳೆದುಕೊಳ್ಳುವ ಮತ್ತೊಂದು ಪದರ ಅನಿವಾರ್ಯ.

ಪೂರ್ಣಪರದೆಯಲ್ಲಿ ಬಳೆಗಳನ್ನು ಕೂರಿಸಿ ಸಲಾಕೆಗೆ ಪೋಣಿಸುವ ಐಲೆಟ್ ಮಾದರಿ, ಹಿಂದೆ ಕೊಕ್ಕೆ ಹಾಕಿ ಮೇಲೆ ನೆರಿಗೆ ಹಿಡಿದು ಹೊಲಿಯುವ ಮಾದರಿ, ಎರಡೂ ಈಗ ಬಳಕೆಯಲ್ಲಿವೆ. ಐಲೆಟ್ ಸರಾಗವಾಗಿ ಸರಿಯುತ್ತದೆ. ಬಳೆಗಳು ತುಕ್ಕು ಹಿಡಿಯದ ಲೋಹದವೋ ಪ್ಲಾಸ್ಟಿಕ್ಕಿನವೋ ಎಂದು ಕೇಳಿ ತಿಳಿಯಿರಿ, ಮಳೆಗಾಲದ ತೇವಕ್ಕೆ ತುಕ್ಕಿನ ಕಲೆ ಬಟ್ಟೆಗೆ ಇಳಿದರೆ ಹೋಗುವುದಿಲ್ಲ. ನೆರಿಗೆಯ ಮಾದರಿ ನೋಡಲು ಗಂಭೀರ, ಕೊಕ್ಕೆಗಳನ್ನು ಕಳಚಿ ಒಗೆಯಬಹುದು. ಎರಡಕ್ಕೂ ಬಟ್ಟೆಯ ಅಳತೆ ಹೆಚ್ಚು ಬೇಕೆಂಬುದನ್ನು ಮರೆತು, ಕಿಟಕಿಯ ಅಗಲಕ್ಕಷ್ಟೇ ಬಟ್ಟೆ ತಂದು ನಿರಾಶರಾದವರನ್ನು ಬೇಕಾದಷ್ಟು ಕಂಡಿದ್ದೇನೆ. ನಾಲ್ಕಡಿ ಅಗಲದ ಕಿಟಕಿಯೆನ್ನಿ. ಸಲಾಕೆಯನ್ನು ಎರಡು ಕಡೆಗೂ ಅರ್ಧ ಅಡಿ ಚಾಚಿಸಬೇಕು, ಹಾಗಿದ್ದರೆ ಸರಿಸಿದ ಪರದೆ ಗೋಡೆಯ ಮೇಲೆ ಕೂತು ಕಿಟಕಿ ಪೂರ್ಣವಾಗಿ ತೆರೆಯುತ್ತದೆ. ಅಲ್ಲಿಗೆ ಐದಡಿ, ಅಂದರೆ 60 ಅಂಗುಲ. ನೆರಿಗೆ ತುಂಬಿ ಕಾಣಬೇಕಾದರೆ ಇದರ ಇಮ್ಮಡಿ, 120 ಅಂಗುಲ ಬೇಕು. 48 ಅಂಗುಲ ಪನ್ನದ ಬಟ್ಟೆಯಲ್ಲಿ ಅದಕ್ಕೆ ಮೂರು ತುಂಡು. ಐದಡಿ ಇಳಿಯಬೇಕಾದ ಪರದೆಗೆ ಮೇಲೆ ಕೆಳಗೆ ಮಡಿಚುವುದಕ್ಕಾಗಿ 10 ಅಂಗುಲ ಸೇರಿಸಿದರೆ ತುಂಡೊಂದಕ್ಕೆ 70 ಅಂಗುಲ, ಒಟ್ಟು 210 ಅಂಗುಲ, ಅಂದರೆ ಐದೂವರೆ ಮೀಟರಿಗೆ ಸ್ವಲ್ಪ ಕಡಿಮೆ. ತೆಳುಬಟ್ಟೆಗೆ ಎರಡೂವರೆ ಪಟ್ಟು, ದಪ್ಪಬಟ್ಟೆಗೆ ಒಂದೂವರೆ ಪಟ್ಟು ಸಾಕೆಂಬುದು ಹೊಲಿಯುವವರು ಅನುಸರಿಸುವ ಲೆಕ್ಕ. ಹತ್ತಿಯಾದರೆ ನೂರಕ್ಕೆ ಐದರಷ್ಟಾದರೂ ಕುಗ್ಗುತ್ತದೆಂದು ಎಣಿಸಿ ಇನ್ನಷ್ಟು ಕೊಳ್ಳಬೇಕು. ಕೊಂಡದ್ದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಬಳಿಕವೇ ಕತ್ತರಿಸಲು ಕೊಡಬೇಕು. ಸಿದ್ಧಪರದೆಗಳು ಸಾಮಾನ್ಯವಾಗಿ ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ ಎಂಬ ಅಳತೆಗಳಲ್ಲಿ ಬರುತ್ತವೆ. ಹಳೆಯ ಮನೆಯ ಕಿಟಕಿಗಳು ಈ ಅಳತೆಗೆ ಹೊಂದುವುದು ಅಪರೂಪ, ಅಂಥವರಿಗೆ ಊರಿನ ದರ್ಜಿಯೇ ಗತಿ, ಅದು ಒಳ್ಳೆಯ ಗತಿಯೂ ಹೌದು. ಬಾಗಿಲ ಪರದೆ ನೆಲದಿಂದ ಒಂದು ಅಂಗುಲ ಮೇಲೆಯೇ ನಿಲ್ಲಲಿ. ಪ್ರತಿದಿನ ನೆಲ ಒರೆಸುವ ಮನೆಗಳು ನಮ್ಮವು. ನೆಲಕ್ಕೆ ತಾಗಿದ ಅಂಚು ಕೊಳೆಯನ್ನೂ ತೇವವನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ.

ಶಿವಮೊಗ್ಗದ ಗಾಂಧಿಬಜಾರಿಗೆ ಹೋಗಿ ಅಂಗಡಿಯ ಪ್ರಖರವಾದ ದೀಪದ ಕೆಳಗೆ ಬಟ್ಟೆ ನೋಡುವವರು ಅದನ್ನು ಬಾಗಿಲಿನ ಹೊರಗೆ ಹಗಲುಬೆಳಕಿಗೆ ಹಿಡಿದು ನೋಡಲು ಸಂಕೋಚಪಡಬಾರದು. ಬೆಳಕಿಗೆ ಎತ್ತಿ ಹಿಡಿದರೆ ನೇಯ್ಗೆಯ ಒತ್ತು ತಿಳಿಯುತ್ತದೆ. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಸುಕ್ಕಿನ ಸ್ವಭಾವ ತಿಳಿಯುತ್ತದೆ. ಒದ್ದೆ ಬಿಳಿಯ ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಿದರೆ ಬಣ್ಣದ ಪ್ರಾಮಾಣಿಕತೆ ತಿಳಿಯುತ್ತದೆ. ಸಾಧ್ಯವಾದರೆ ಅರ್ಧ ಮೀಟರು ಕತ್ತರಿಸಿ ತಂದು ಕಿಟಕಿಗೆ ಸಿಕ್ಕಿಸಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ದೀಪ ಹಚ್ಚಿದ ಮೇಲೆ ಹೇಗೆ ಕಾಣುತ್ತದೆಂದು ಮನೆಯವರೆಲ್ಲ ನೋಡಿ ಆಮೇಲೆ ಉಳಿದದ್ದನ್ನು ತನ್ನಿರಿ. ಮನೆಯ ಹೆಂಗಸರನ್ನು ಬಿಟ್ಟು ಈ ವ್ಯಾಪಾರ ಮಾಡುವ ಗಂಡಸರಿಗೆ ನಾನು ವಿನಯದಿಂದ ಹೇಳುವುದಿಷ್ಟೆ: ಬಿಚ್ಚಿ ಒಗೆದು ಮತ್ತೆ ತೂಗಿಸುವ ಭಾರ ಬಹುಪಾಲು ಯಾರ ಕೈಯಲ್ಲಿದೆಯೋ ಅವರ ತೀರ್ಪೇ ಇಲ್ಲಿ ಮೊದಲನೆಯದಾಗಬೇಕು.

ಎಲ್ಲ ಕಿಟಕಿಗಳಿಗೂ ಒಮ್ಮೆಲೇ ಹಣ ಹೂಡಲಾಗದವರ ಕಾಗದಗಳೇ ನನಗೆ ಹೆಚ್ಚಾಗಿ ಬರುತ್ತವೆ. ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೈ ಬರಿದಾಗಿರುವುದು ಸಹಜ. ಅವರಿಗೆ ನನ್ನ ಕ್ರಮ ಇದು. ಮೊದಲು ಪಡುವಣ ಕಿಟಕಿಯ ಹೊರಗೆ ಬಿದಿರಿನ ತಟ್ಟಿ, ಒಳಗೆ ಅಸ್ತರಿನ ಹತ್ತಿಪರದೆ. ಆಮೇಲೆ ಮಲಗುವ ಕೋಣೆಗೆ ಎರಡು ಪದರ. ಬೀದಿಯ ಕಿಟಕಿಗೆ ಮನೆಯಲ್ಲಿರುವ ಹಳೆಯ ಹತ್ತಿಸೀರೆಯನ್ನು ಕತ್ತರಿಸಿ ಅರ್ಧಪರದೆ ಮಾಡಿಸಿದರೆ ಹೊಲಿಗೆಯ ಕೂಲಿಯಲ್ಲಿ ಮುಗಿಯುತ್ತದೆ. ಸೀರೆಯ ಕರೆಯೇ ಅಂಚಾಗಿ ಒದಗುತ್ತದೆ. ಬಡಗಣ ಕಿಟಕಿ ಒಂದು ವರ್ಷ ಬರಿದಾಗಿದ್ದರೂ ಬಾಧಕವಿಲ್ಲ. ಮಳೆಗಾಲದ ಎರಡನೆಯ ಜೊತೆಯನ್ನು ಬರುವ ಮೇ ತಿಂಗಳಿನಲ್ಲಿ ಕೊಂಡರಾಯಿತು.